ಒಂದೇ ಉಕ್ಕಿಗೆ ನಾಲ್ಕು ಅಂಕಿ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬ ಊರಿನಲ್ಲಿ ನ್ಯೂ ಡಿಪಾರ್ಚರ್ ಅಂತ ಒಂದು ಕಂಪನಿ ಇತ್ತು. ಬಾಗಿಲ ಗಂಟೆ ಮಾಡುತ್ತ ಶುರುವಾಗಿ, ಸೈಕಲ್ ಬ್ರೇಕಿಗೆ ಹೆಸರಾಗಿ, ಮೋಟಾರು ಕಾರುಗಳ ಕಾಲ ಬಂದಾಗ ಬಾಲ್ ಬೇರಿಂಗ್ ತಯಾರಿಕೆಗೆ ಇಳಿದಿದ್ದ ಕಂಪನಿ. ಬೇರಿಂಗ್ ಎಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆಗಳು, ನಡುವೆ ಉರುಳುವ ಗುಂಡುಗಳು. ಬಳೆ ಮೆತ್ತಗಿದ್ದರೆ ಗುಂಡು ಉರುಳಿದ ದಾರಿಯಲ್ಲೇ ಸವೆಯುತ್ತದೆ. ಹದ ಮೀರಿ ಗಡಸಾದರೆ ಪೆಟ್ಟು ಬಿದ್ದಾಗ ಸೀಳುತ್ತದೆ. ಕುಲುಮೆಯಲ್ಲಿ ಕಾಸಿ, ಎಣ್ಣೆಗೆ ಅದ್ದಿ, ಮತ್ತೆ ಮೆಲ್ಲಗೆ ಬಿಸಿ ಮಾಡಿ ತೆಗೆದ ಬಳೆಗೆ ಹದ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹಳಬರಿಗೆ ಇದ್ದ ಉಪಾಯ ಅರ ಹಾಕಿ ನೋಡುವುದು. ಅರ ಕಚ್ಚಿದರೆ ಮೆತ್ತಗೆ, ಜಾರಿದರೆ ಗಡಸು. ದಿನಕ್ಕೆ ಸಾವಿರಗಟ್ಟಲೆ ಬಳೆ ಹೊರಬರುವ ಕಾರ್ಖಾನೆಯಲ್ಲಿ ಇದು ಎಷ್ಟು ದಿನ ನಡೆದೀತು? ಅಲ್ಲಿ ಕೆಲಸ ಮಾಡುತ್ತಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಎಂಬಿಬ್ಬರು 1914ರ ಜುಲೈ 15ರಂದು ಹೊಸ ಬಗೆಯ ಯಂತ್ರವೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದರು.

ಗಡಸುತನ ಅಳೆಯುವ ಯಂತ್ರ ಆಗ ಇರಲೇ ಇಲ್ಲ ಎಂದಲ್ಲ. ಸ್ವೀಡನ್ನಿನ ಯೊಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲೇ ತನ್ನ ವಿಧಾನವನ್ನು ಜಗತ್ತಿನ ಮುಂದಿಟ್ಟಿದ್ದ. ಉಕ್ಕಿನ ಕಾರ್ಖಾನೆಗಳು ಅದನ್ನು ಒಪ್ಪಿಕೊಂಡೂ ಆಗಿತ್ತು. ತಮಾಷೆಯೆಂದರೆ, ಬ್ರಿನೆಲ್ ತನ್ನ ಪರೀಕ್ಷೆಗೆ ಆರಿಸಿಕೊಂಡಿದ್ದು ಬಾಲ್ ಬೇರಿಂಗಿನ ಗುಂಡನ್ನೇ. ಆ ಗುಂಡು ಎಲ್ಲ ಕಡೆ ಗೆದ್ದು, ಕೊನೆಗೆ ಸೋತದ್ದು ಬೇರಿಂಗ್ ಕಾರ್ಖಾನೆಯಲ್ಲಿ. ಇಂದು ಎಂಜಿನಿಯರುಗಳ ಮೇಜಿನ ಗಾಜಿನಡಿ, ಪಾಕೆಟ್ ಪುಸ್ತಕದ ಹಿಂಬದಿಯಲ್ಲಿ, ಮೊಬೈಲಿನಲ್ಲಿ ಕಾಣುವ ಗಡಸುತನದ ಪರಿವರ್ತನೆ ಪಟ್ಟಿ ಹುಟ್ಟಿದ್ದು ಈ ಸೋಲಿನಿಂದ. ಬ್ರಿನೆಲ್ ಸೋಲದೆ ಇದ್ದಿದ್ದರೆ ಜಗತ್ತಿಗೆ ಒಂದೇ ಅಳತೆ ಸಾಕಾಗುತ್ತಿತ್ತು, ಪಟ್ಟಿಯ ಗೊಡವೆಯೇ ಇರುತ್ತಿರಲಿಲ್ಲ.

ಬ್ರಿನೆಲ್‌ಗಿಂತ ಹಿಂದೆ ಗಡಸುತನವನ್ನು ಅಂಕಿಗೆ ಇಳಿಸಲು ಹೊರಟವರು ಕಡಿಮೆಯೇನಲ್ಲ. ಫ್ರಾನ್ಸಿನ ರೆಯೊಮ್ಯೂರ್ 1722ರಷ್ಟು ಹಿಂದೆಯೇ ಎರಡು ಲೋಹಗಳ ಅಂಚಿಗೆ ಅಂಚು ಇಟ್ಟು ಒತ್ತಿ, ಯಾವುದು ಹೆಚ್ಚು ತಗ್ಗಿತು ಎಂದು ನೋಡಿದ್ದ. 1812ರ ಹೊತ್ತಿಗೆ ಫ್ರೀಡ್ರಿಶ್ ಮೋಸ್ ಖನಿಜಗಳನ್ನು ಒಂದರಿಂದ ಇನ್ನೊಂದಕ್ಕೆ ಗೀರು ಬೀಳುವ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ, ಒಂದನೆಯದು ಟಾಲ್ಕ್, ಹತ್ತನೆಯದು ವಜ್ರ ಎಂಬ ಸಾಲು ಅದು. ಯಾರ ಹಿಂದೆ ಯಾರು ಎಂದು ಅದು ಹೇಳುತ್ತದೆ. ಎಷ್ಟು ಹಿಂದೆ ಎಂದು ಹೇಳುವುದಿಲ್ಲ. ಉಕ್ಕಿನವರಿಗೆ ಬೇಕಾಗಿದ್ದು ಆ 'ಎಷ್ಟು'. 1859ರಲ್ಲಿ ಮ್ಯಾಂಚೆಸ್ಟರಿನ ಕ್ರೇಸ್ ಕ್ಯಾಲ್ವರ್ಟ್ ಮತ್ತು ರಿಚರ್ಡ್ ಜಾನ್ಸನ್ ಉಕ್ಕಿನ ಮೊಂಡು ಶಂಕುವೊಂದು ಅರ್ಧ ಗಂಟೆಯಲ್ಲಿ 3.5 ಮಿಲಿಮೀಟರ್ ಇಳಿಯಲು ಎಷ್ಟು ಭಾರ ಬೇಕು ಎಂದು ಅಳೆದರು. ಒಂದು ತುಂಡಿಗೆ ಅರ್ಧ ಗಂಟೆ ಎಂದಮೇಲೆ ಅದು ಪ್ರಯೋಗಶಾಲೆ ದಾಟಿ ಹೊರಬರಲಿಲ್ಲ. ಜರ್ಮನಿಯ ಹರ್ಟ್ಸ್, ಮುಂದೆ ರೇಡಿಯೊ ಅಲೆಗಳಿಂದ ಹೆಸರಾದವನೇ, 1881ರ ಸುಮಾರಿಗೆ ಎರಡು ದುಂಡು ಮೈಗಳು ಒಂದಕ್ಕೊಂದು ಒತ್ತಿದಾಗ ಏನಾಗುತ್ತದೆಂಬ ಗಣಿತ ಬಿಡಿಸಿದ. ಮೊದಲ ಶಾಶ್ವತ ಗುರುತು ಬೀಳುವ ಕ್ಷಣದ ಒತ್ತಡವೇ ನಿಜವಾದ ಗಡಸುತನ ಎಂದು ಸೂಚಿಸಿದ. ಮಾತು ಚೆಂದ. ಆದರೆ ಆ ಕ್ಷಣವನ್ನು ಹಿಡಿಯುವುದು ಹೇಗೆ? ಗುರುತು ಕಣ್ಣಿಗೆ ಕಾಣುವ ಹೊತ್ತಿಗೆ ಆ ಕ್ಷಣ ಕಳೆದುಹೋಗಿರುತ್ತದೆ.

ಬ್ರಿನೆಲ್ ಪ್ರಾಧ್ಯಾಪಕನಲ್ಲ, ಕಾರ್ಖಾನೆಯ ಮನುಷ್ಯ. ಹುಟ್ಟಿದ್ದು 1849ರಲ್ಲಿ, ಸ್ವೀಡನ್ನಿನ ಬ್ರಿಂಗೆಟೊಫ್ಟ ಎಂಬ ಹಳ್ಳಿಯಲ್ಲಿ. 1880ರ ದಶಕದ ಆರಂಭದಲ್ಲಿ ಫಾಗರ್ಸ್ಟಾ ಉಕ್ಕಿನ ಕಾರ್ಖಾನೆಗೆ ಮುಖ್ಯ ಎಂಜಿನಿಯರಾಗಿ ಸೇರಿ ಸುಮಾರು ಎರಡು ದಶಕ ಅಲ್ಲೇ ಕಳೆದ. ಉಕ್ಕನ್ನು ಕಾಸಿ ತಣಿಸುವಾಗ ಒಳಗಿನ ರಚನೆ ಹೇಗೆ ಬದಲಾಗುತ್ತದೆಂದು 1885ರಲ್ಲಿ ಅವನು ಬರೆದ ಲೇಖನ ಆಗಲೇ ಹೆಸರು ಮಾಡಿತ್ತು. ಗಡಸುತನದ ವಿಷಯದಲ್ಲಿ ಅವನ ಜಾಣತನ ಇದ್ದದ್ದು ಹೊಸ ಸಿದ್ಧಾಂತದಲ್ಲಲ್ಲ, ಒತ್ತುವ ವಸ್ತುವಿನ ಆಯ್ಕೆಯಲ್ಲಿ. ಶಂಕುವನ್ನೋ ಚೂಪು ಮೊನೆಯನ್ನೋ ಒಂದೇ ಅಳತೆಯಲ್ಲಿ ನೂರು ಮಾಡುವುದು ಆ ಕಾಲಕ್ಕೆ ಕಷ್ಟ. ಬೇರಿಂಗ್ ಗುಂಡುಗಳಾದರೋ ಅಂಗಡಿಯಲ್ಲಿ ಸಿಗುತ್ತಿದ್ದವು: ಅಗ್ಗ, ಗಡಸು, ನುಣುಪು, ಮತ್ತು ಒಂದಕ್ಕೊಂದು ತದ್ರೂಪ. 10 ಮಿಲಿಮೀಟರ್ ಗುಂಡು, ಉಕ್ಕಿಗಾದರೆ 3000 ಕಿಲೋ ಭಾರ. ಸ್ಟಾಕ್‌ಹೋಮಿನಲ್ಲಿ ಕೂತವನೂ ಷಿಕಾಗೊದಲ್ಲಿ ಕೂತವನೂ ಒಂದೇ ಪರೀಕ್ಷೆ ಮಾಡಬಹುದಾಯಿತು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇದು ಹೊರಜಗತ್ತಿಗೆ ಕಂಡಿತು. ಮರುವರ್ಷವೇ ಆಕ್ಸೆಲ್ ವಾಲ್‌ಬೆರಿ ಇದನ್ನು ಇಂಗ್ಲಿಷಿನಲ್ಲಿ ಬ್ರಿಟನ್ನಿನ ಕಬ್ಬಿಣ ಮತ್ತು ಉಕ್ಕು ಸಂಸ್ಥೆಯ ಮುಂದಿಟ್ಟ. 1907ರಲ್ಲಿ ಅದೇ ಸಂಸ್ಥೆ ಬ್ರಿನೆಲ್‌ಗೆ ಬೆಸೆಮರ್ ಚಿನ್ನದ ಪದಕ ಕೊಟ್ಟಿತು.

ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು, ಇಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಉಕ್ಕಿನ ತುಂಡಿನ ಮೈಯನ್ನು ಸಾಣೆ ಹಿಡಿದು ಸಪಾಟು ಮಾಡುತ್ತಾರೆ. ಗುಂಡಿನಡಿ ಇಟ್ಟು ಭಾರ ಏರಿಸಿ, ಕೆಲವು ಸೆಕೆಂಡು ಹಾಗೇ ಬಿಟ್ಟು, ಇಳಿಸುತ್ತಾರೆ. ಉಕ್ಕಿನ ಮೇಲೆ ಒಂದು ಗುಳಿ ಉಳಿಯುತ್ತದೆ. ಚಿಕ್ಕ ಸೂಕ್ಷ್ಮದರ್ಶಕದ ಗಾಜಿನಲ್ಲಿ ಕೊರೆದ ಗೆರೆಗಳಿಗೆ ಗುಳಿಯ ಎರಡೂ ಅಂಚು ಹೊಂದಿಸಿ ಅಡ್ಡಳತೆ ಓದುತ್ತಾರೆ. ಸರಿಯಾಗಿ 4 ಮಿಲಿಮೀಟರ್ ಬಂದರೆ ಬ್ರಿನೆಲ್ ಸಂಖ್ಯೆ 229. 3 ಮಿಲಿಮೀಟರ್ ಬಂದರೆ 415. ಇದು ಆಕಾಶದಿಂದ ಇಳಿದ ಸಂಖ್ಯೆಯಲ್ಲ. ಹಾಕಿದ ಭಾರವನ್ನು ಗುಳಿಯ ಬಾಗಿದ ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವ ಲೆಕ್ಕ. ಗುಳಿಯ ಅಂಚು ಉಬ್ಬಿರುತ್ತದೆ, ಕೆಲವು ಲೋಹಗಳಲ್ಲಿ ಕುಸಿದಿರುತ್ತದೆ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಬರುತ್ತದೆ. 3.95 ಎಂದು ಓದಿದವನಿಗೆ 235, 4.05 ಎಂದು ಓದಿದವನಿಗೆ 223. ಆದರೂ ಜನ ಒಪ್ಪಿದರು, ಏಕೆಂದರೆ ಇನ್ನೊಂದು ಲಾಭ ಕೈಗೆ ಬಂದಿತ್ತು: ಸಾಧಾರಣ ಉಕ್ಕಿನಲ್ಲಿ ಬ್ರಿನೆಲ್ ಸಂಖ್ಯೆಯನ್ನು ಸುಮಾರು 0.35ರಿಂದ ಗುಣಿಸಿದರೆ ಅದರ ಎಳೆತದ ಬಲ ಚದರ ಮಿಲಿಮೀಟರಿಗೆ ಇಷ್ಟು ಕಿಲೋ ಎಂದು ಹತ್ತಿರ ಹತ್ತಿರ ಸಿಗುತ್ತದೆ. ಸರಳು ಕಡೆದು, ಎಳೆದು, ಮುರಿದು ನೋಡುವ ತಾಪತ್ರಯ ತಪ್ಪಿತು.

1908ರಲ್ಲಿ ಜರ್ಮನಿಯ ಓಯ್ಗೆನ್ ಮೇಯರ್ ಒಂದು ತಕರಾರು ತೆಗೆದ. ಭಾರವನ್ನು ಗುಳಿಯ ಬಾಗಿದ ಮೈಯಿಂದ ಭಾಗಿಸುವುದೇಕೆ? ಮೇಲಿನಿಂದ ಕಾಣುವ ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ತಾನೇ ಅದು ನಿಜವಾದ ಸರಾಸರಿ ಒತ್ತಡ? ಬ್ರಿನೆಲ್ ಲೆಕ್ಕದಲ್ಲಿ ಭಾರ ಬದಲಿಸಿದರೆ ಅದೇ ಉಕ್ಕಿಗೆ ಬೇರೆ ಅಂಕಿ ಬರುತ್ತದೆ ಎಂಬುದನ್ನೂ, ಆ ಬದಲಾವಣೆಗೆ ಒಂದು ನಿಯಮ ಇದೆ ಎಂಬುದನ್ನೂ ಮೇಯರ್ ತೋರಿಸಿದ. ನನ್ನ ದೃಷ್ಟಿಯಲ್ಲಿ ಮೇಯರ್ ಹೇಳಿದ್ದೇ ಸರಿ. ಆದರೆ ಎಂಟು ವರ್ಷದಲ್ಲಿ ಕಾರ್ಖಾನೆಗಳ ದಫ್ತರುಗಳೆಲ್ಲ ಬ್ರಿನೆಲ್ ಸಂಖ್ಯೆಗಳಿಂದ ತುಂಬಿದ್ದವು. ಖರೀದಿ ಕರಾರುಗಳಲ್ಲಿ ಅವು ಅಚ್ಚಾಗಿದ್ದವು. ರೂಢಿ ಗೆದ್ದಿತು. ಗಡಸುತನದ ಇತಿಹಾಸದಲ್ಲಿ ಹೀಗೆ ರೂಢಿ ಗೆದ್ದ ಪ್ರಸಂಗ ಇದೇ ಕೊನೆಯದಲ್ಲ.

ಅಷ್ಟರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಶೋರ್ ಪೂರಾ ಬೇರೆ ದಾರಿ ಹಿಡಿದಿದ್ದ. 1907ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಅವನ ಸ್ಕ್ಲೀರೊಸ್ಕೋಪಿನಲ್ಲಿ ವಜ್ರದ ತುದಿಯ ಪುಟ್ಟ ಸುತ್ತಿಗೆಯೊಂದು ಗಾಜಿನ ಕೊಳವೆಯೊಳಗೆ ಬಿದ್ದು ಪುಟಿಯುತ್ತದೆ. ಎಷ್ಟು ಎತ್ತರ ಪುಟಿಯಿತೋ ಅದೇ ಅಂಕಿ. ಚೆನ್ನಾಗಿ ಗಡಸು ಮಾಡಿದ ಹೆಚ್ಚು ಇಂಗಾಲದ ಉಕ್ಕಿಗೆ 100. ಹೊತ್ತುಕೊಂಡು ಹೋಗಬಹುದಾದ ಯಂತ್ರ, ತುಂಡಿನ ಮೇಲೆ ಗಾಯವೂ ಹೆಚ್ಚುಕಡಿಮೆ ಇಲ್ಲ. ರೋಲಿಂಗ್ ಮಿಲ್ಲಿನ ದೊಡ್ಡ ದೊಡ್ಡ ರೋಲುಗಳನ್ನು ಮಾರುವವರು, ಕೊಳ್ಳುವವರು ಇಂದಿಗೂ ಶೋರ್ ಅಂಕಿಯಲ್ಲಿ ಮಾತಾಡುತ್ತಾರೆ. ಆದರೆ ಗಮನಿಸಿ: ಬ್ರಿನೆಲ್ ಕೇಳಿದ್ದು ಭಾರ ತೆಗೆದ ಮೇಲೆ ಉಕ್ಕಿನಲ್ಲಿ ಎಷ್ಟು ಗುಳಿ ಉಳಿಯಿತು ಎಂದು; ಶೋರ್ ಕೇಳಿದ್ದು ಬಿದ್ದ ಪೆಟ್ಟಿನಲ್ಲಿ ಎಷ್ಟನ್ನು ಉಕ್ಕು ವಾಪಸು ಕೊಟ್ಟಿತು ಎಂದು. ಪ್ರಶ್ನೆಗಳೇ ಬೇರೆ. ರಬ್ಬರಿನ ಹಾಳೆಯ ಮೇಲೂ ಸುತ್ತಿಗೆ ಚೆನ್ನಾಗಿ ಪುಟಿಯುತ್ತದೆ, ಹಾಗೆಂದು ರಬ್ಬರು ಉಕ್ಕಾಗುತ್ತದೆಯೇ?

ಮತ್ತೆ ಬ್ರಿಸ್ಟಲ್‌ಗೆ ಬರೋಣ. ಗಡಸು ಮಾಡಿದ ಬೇರಿಂಗ್ ಬಳೆಯ ಮೇಲೆ ಬ್ರಿನೆಲ್ ಗುಂಡು ಇಟ್ಟರೆ ಕಷ್ಟ ಒಂದೆರಡಲ್ಲ. ಬಳೆ ತೆಳು, ಓಡುವ ದಾರಿ ಕಿರಿದು. 3000 ಕಿಲೋ ಭಾರಕ್ಕೆ ಅದು ಮಾಲಾಗಿ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಳೆಯೂ ಗುಂಡೂ ಒಂದೇ ಬಗೆಯ ಗಡಸು ಉಕ್ಕು. ಒತ್ತಿಸಿಕೊಳ್ಳುವವನ ಜೊತೆ ಒತ್ತುವವನೂ ಚಪ್ಪಟೆಯಾಗುತ್ತಾನೆ. ಬ್ರಿನೆಲ್ 450 ದಾಟಿದ ಮೇಲೆ ಉಕ್ಕಿನ ಗುಂಡು ಹೇಳುವ ಸಾಕ್ಷಿಯನ್ನು ನಂಬುವಂತಿಲ್ಲ ಎಂಬುದು ಮುಂದೆ ನಿಯಮವೇ ಆಯಿತು. ಬೇರಿಂಗ್ ಬಳೆ ಇರುವುದು ಅದರಾಚೆ.

ರಾಕ್‌ವೆಲ್ ಜೋಡಿಯ ಉಪಾಯದ ತಿರುಳು ಎರಡು ಹಂತದ ಭಾರ. ಗುಳಿಯ ಅಡ್ಡಳತೆ ನೋಡುವುದು ಬಿಟ್ಟು ಆಳ ನೋಡಬೇಕು. ಆಗ ಸೂಕ್ಷ್ಮದರ್ಶಕ ಬೇಡ, ಡಯಲ್ ಸಾಕು. ಆದರೆ ಆಳವನ್ನು ಎಲ್ಲಿಂದ ಎಣಿಸುವುದು? ತುಂಡಿನ ಮೈ ಒರಟು, ಕೆಳಗೆ ಧೂಳು, ಯಂತ್ರದ ಸ್ಕ್ರೂಗಳಲ್ಲಿ ಸಡಿಲ. ಅದಕ್ಕೆ ಮೊದಲು 10 ಕಿಲೋದ ಚಿಕ್ಕ ಭಾರ ಹಾಕಿ ಎಲ್ಲವನ್ನೂ ಬಿಗಿಯಾಗಿ ಕೂರಿಸಿ, ಅಲ್ಲಿ ಡಯಲನ್ನು ಸೊನ್ನೆಗೆ ತರುವುದು. ಆಮೇಲೆ ದೊಡ್ಡ ಭಾರ ಹಾಕಿ, ಅದನ್ನು ತೆಗೆದು, ಚಿಕ್ಕ ಭಾರ ಇನ್ನೂ ಇರುವಾಗಲೇ ಮುಳ್ಳು ನೋಡುವುದು. ಇದಿಷ್ಟೂ ಕೆಲವೇ ಸೆಕೆಂಡಿನ ಕೆಲಸ, ಲೆಕ್ಕ ಹಾಕುವ ಅಗತ್ಯವಿಲ್ಲ, ಹೊಸದಾಗಿ ಸೇರಿದ ಹುಡುಗನೂ ಮಾಡಬಲ್ಲ. ಪೇಟೆಂಟ್ ಕೈಗೆ ಬಂದದ್ದು 1919ರ ಫೆಬ್ರುವರಿಯಲ್ಲಿ, ಯುದ್ಧ ಮುಗಿದ ಮೇಲೆ. ಆ ಹೊತ್ತಿಗೆ ಕಂಪನಿ ಬಿಟ್ಟಿದ್ದ ಸ್ಟ್ಯಾನ್ಲಿ ಅದೇ ವರ್ಷ ಸುಧಾರಿಸಿದ ಯಂತ್ರಕ್ಕೆ ಇನ್ನೊಂದು ಅರ್ಜಿ ಹಾಕಿದ. ಚಾರ್ಲ್ಸ್ ವಿಲ್ಸನ್ ಎಂಬ ಉಪಕರಣ ತಯಾರಕನ ಜೊತೆ ಕೂಡಿ ಅದು ಜಗತ್ತಿನ ಕಾರ್ಖಾನೆಗಳಿಗೆ ಹರಡಿತು. ಮೆತ್ತನೆಯ ಲೋಹಕ್ಕೆ ಒಂದಂಗುಲದ ಹದಿನಾರನೇ ಒಂದು ಭಾಗದ ಗುಂಡು, 100 ಕಿಲೋ: ಅದು ಬಿ ಮಾಪಕ. ಗಡಸು ಉಕ್ಕಿಗೆ 120 ಡಿಗ್ರಿ ಕೋನದ ವಜ್ರದ ಶಂಕು, 150 ಕಿಲೋ: ಅದು ಸಿ ಮಾಪಕ. ನಮ್ಮ ಪೀಣ್ಯದ ವರ್ಕ್‌ಶಾಪುಗಳಲ್ಲಿ ಹೀಟ್ ಟ್ರೀಟ್‌ಮೆಂಟಿನಿಂದ ಬಂದ ಡೈ ಹಿಡಿದು 'ಆರ್‌ಸಿ ಎಷ್ಟು ಬಂತು?' ಎಂದು ಕೇಳುವುದು ಈ ಸಿ ಮಾಪಕವನ್ನೇ.

ಸಿ ಮಾಪಕದ ಒಂದು ಅಂಕ ಎಂದರೆ ಎರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗ. 100ರಿಂದ ಆಳವನ್ನು ಕಳೆದರೆ ರಾಕ್‌ವೆಲ್ ಸಂಖ್ಯೆ. 60 ಬಂತೆಂದರೆ ಮೊನೆ 0.08 ಮಿಲಿಮೀಟರ್ ಇಳಿದಿದೆ ಎಂದರ್ಥ. ಇದರಲ್ಲಿ ಒತ್ತಡವೂ ಇಲ್ಲ, ವಿಸ್ತೀರ್ಣವೂ ಇಲ್ಲ. ಗಡಸಾದಷ್ಟೂ ಅಂಕಿ ದೊಡ್ಡದಾಗಲಿ ಎಂದು ಆಳವನ್ನು ತಲೆಕೆಳಗು ಮಾಡಿದ್ದು, ಅಷ್ಟೆ. ಹಾಗಾಗಿ 60 ಎಂಬುದು 30ರ ಎರಡು ಪಟ್ಟು ಅಲ್ಲ. ಕಾರ್ಖಾನೆಯವರಿಗೆ ಅದರ ಚಿಂತೆ ಇರಲಿಲ್ಲ. ಅವರಿಗೆ ಬೇಕಾಗಿದ್ದು ಪಾಸೋ ಫೇಲೋ ಎಂಬ ಉತ್ತರ. ಚಿಂತೆ ಹತ್ತಿದ್ದು ಹಳೆಯ ಬ್ರಿನೆಲ್ ಕರಾರನ್ನೂ ಹೊಸ ರಾಕ್‌ವೆಲ್ ಡಯಲನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡವರಿಗೆ.

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ, ಶಸ್ತ್ರಾಸ್ತ್ರ ತಯಾರಿಸುವ ವಿಕರ್ಸ್ ಕಂಪನಿಯ ರಾಬರ್ಟ್ ಸ್ಮಿತ್ ಮತ್ತು ಜಾರ್ಜ್ ಸ್ಯಾಂಡ್‌ಲ್ಯಾಂಡ್ ಅದೇ ಸಮಸ್ಯೆಗೆ ಬೇರೆ ಪರಿಹಾರ ಹುಡುಕುತ್ತಿದ್ದರು. ಅವರು 1922ರಲ್ಲಿ ಪ್ರಕಟಿಸಿದ ವಿಧಾನ ನನಗೆ ಈ ಇಡೀ ಕಥೆಯಲ್ಲೇ ಅತಿ ನಾಜೂಕಿನದು ಅನ್ನಿಸುತ್ತದೆ. ವಜ್ರದ ಚೌಕ ಪಿರಮಿಡ್ಡನ್ನು ಒತ್ತಿ, ಗುಳಿಯ ಕರ್ಣವನ್ನು ಅಳೆಯುವುದು. ಪಿರಮಿಡ್ಡಿನ ಗುಳಿ ಚಿಕ್ಕದಿರಲಿ ದೊಡ್ಡದಿರಲಿ ಆಕಾರ ಅದೇ. ಆದ್ದರಿಂದ ಭಾರ ಬದಲಾದರೂ ಅಂಕಿ ಬದಲಾಗದು. ಮೇಯರ್ ತೋರಿಸಿದ್ದ ದೋಷಕ್ಕೆ ಇಲ್ಲಿ ಮದ್ದಿತ್ತು. ಆದರೆ ಎದುರೆದುರು ಮುಖಗಳ ನಡುವಿನ ಕೋನ ಎಷ್ಟಿರಬೇಕು? ಅವರು ಇಟ್ಟದ್ದು 136 ಡಿಗ್ರಿ. 120 ಅಲ್ಲ, 140 ಅಲ್ಲ, 136. ಕಾರಣ ಹೀಗಿದೆ: ಬ್ರಿನೆಲ್ ಪರೀಕ್ಷೆಯಲ್ಲಿ ಗುಳಿಯ ಅಡ್ಡಳತೆ ಗುಂಡಿನ ಅಡ್ಡಳತೆಯ ಕಾಲು ಭಾಗದಿಂದ ಅರ್ಧದೊಳಗೆ ಇರಬೇಕು ಎಂಬುದು ವಾಡಿಕೆ. ಇವೆರಡರ ನಡುಮಧ್ಯೆ 0.375. ಅಷ್ಟು ಅಗಲದ ಗುಳಿಯ ಅಂಚಿನಲ್ಲಿ ಗುಂಡಿಗೆ ಸ್ಪರ್ಶರೇಖೆಗಳನ್ನು ಎಳೆದರೆ ಅವು ಒಂದನ್ನೊಂದು ಸಂಧಿಸುವ ಕೋನ ಸರಿಯಾಗಿ 136 ಡಿಗ್ರಿ. ಅಂದರೆ ಬ್ರಿನೆಲ್ ಗುಂಡಿನ ನೆರಳನ್ನೇ ವಜ್ರದಲ್ಲಿ ಕಡೆದಿದ್ದರು. ಭಾಗಿಸುವಾಗಲೂ ಬ್ರಿನೆಲ್‌ನಂತೆ ಗುಳಿಯ ಓರೆ ಮೈಯನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಫಲವಾಗಿ ಮೆತ್ತನೆಯ ಮತ್ತು ನಡುತರದ ಉಕ್ಕಿನಲ್ಲಿ ವಿಕರ್ಸ್ ಅಂಕಿಯೂ ಬ್ರಿನೆಲ್ ಅಂಕಿಯೂ ಅಕ್ಕಪಕ್ಕ ನಡೆಯುತ್ತವೆ; 300ರ ಆಸುಪಾಸಿನವರೆಗೆ ಹೆಚ್ಚು ಅಂತರವಿಲ್ಲ. ರಾಕ್‌ವೆಲ್ ಹಳೆಯದರ ಹಂಗು ತೊರೆದು ಹೋದರೆ, ಇವರು ಪರಿವರ್ತನೆಯನ್ನು ಯಂತ್ರದೊಳಗೇ ಕಟ್ಟಿಬಿಟ್ಟಿದ್ದರು.

ಹೀಗೆ 1920ರ ದಶಕದ ನಡುವಿಗೆ ಒಂದೇ ಉಕ್ಕಿನ ತುಂಡಿಗೆ ನಾಲ್ಕು ಬಗೆಯ ಅಂಕಿ ಬರುತ್ತಿತ್ತು. ಉಕ್ಕಿನ ಗಿರಣಿಯವನು ಬ್ರಿನೆಲ್ ಬರೆದು ಕಳಿಸುತ್ತಾನೆ, ಗೇರ್ ಮಾಡುವವನ ಬಳಿ ಇರುವುದು ರಾಕ್‌ವೆಲ್, ರೋಲ್ ಮಾರುವವನು ಶೋರ್ ಎನ್ನುತ್ತಾನೆ, ಇಂಗ್ಲೆಂಡಿನಿಂದ ಬಂದ ನಕ್ಷೆಯಲ್ಲಿ ವಿಕರ್ಸ್. ಪ್ರತಿಯೊಬ್ಬ ಯಂತ್ರ ಮಾರಾಟಗಾರನೂ ತನ್ನದೇ ಹೋಲಿಕೆ ಪಟ್ಟಿ ಹಂಚುತ್ತಿದ್ದ. ಈ ಗೊಂದಲಕ್ಕೆ ಕೈ ಹಾಕಿದವರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಬ್ಯೂರೋದ ಎಸ್. ಎನ್. ಪೆಟ್ರೆಂಕೊ ಮುಖ್ಯನಾದವ. ರಾಕ್‌ವೆಲ್ ಮತ್ತು ಬ್ರಿನೆಲ್ ಅಂಕಿಗಳ ಸಂಬಂಧದ ಬಗ್ಗೆ ಅವನ ವರದಿ ಬ್ಯೂರೋದ ಸಂಶೋಧನಾ ಪತ್ರಿಕೆಯಲ್ಲಿ 1930ರಲ್ಲಿ ಪ್ರಕಟವಾಯಿತು.

ಪಟ್ಟಿ ತಯಾರಾಗುವ ಬಗೆ ಸರಳ. ಬೇರೆ ಬೇರೆ ಉಕ್ಕಿನ, ಬೇರೆ ಬೇರೆ ಹದದ ತುಂಡುಗಳನ್ನು ಎರಡೂ ಯಂತ್ರದಲ್ಲಿ ಅಳೆಯಬೇಕು. ಗ್ರಾಫ್ ಹಾಳೆಯಲ್ಲಿ ಒಂದೊಂದು ತುಂಡಿಗೆ ಒಂದೊಂದು ಚುಕ್ಕೆ. ಚುಕ್ಕೆಗಳು ಒಂದು ಗೆರೆಯ ಮೇಲೆ ಶಿಸ್ತಾಗಿ ಕೂರುವುದಿಲ್ಲ, ಹಿಂಡಾಗಿ ಹರಡಿರುತ್ತವೆ. ಆ ಹಿಂಡಿನ ನಡುವೆ ಒಂದು ಗೆರೆ ಎಳೆದರೆ ಅದೇ ಪರಿವರ್ತನೆ. ಪೆಟ್ರೆಂಕೊ ಬರೀ ಗೆರೆ ಎಳೆದು ಸುಮ್ಮನಾಗಲಿಲ್ಲ, ಗೆರೆಗೆ ಕಾರಣ ಹುಡುಕಿದ. ಗುಂಡು ಒತ್ತಿದಾಗ ಗುಳಿಯ ಮೈ ಆಳದ ಜೊತೆ ನೇರವಾಗಿ ಬೆಳೆಯುತ್ತದೆ. ಆದ್ದರಿಂದ ಬಿ ಮಾಪಕಕ್ಕೆ, 7300ನ್ನು 130 ಕಳೆ ರಾಕ್‌ವೆಲ್ ಸಂಖ್ಯೆಯಿಂದ ಭಾಗಿಸಿದರೆ ಬ್ರಿನೆಲ್ ಬರಬೇಕು. ಶಂಕು ಒತ್ತಿದಾಗ ಮೈ ಆಳದ ವರ್ಗದಂತೆ ಬೆಳೆಯುತ್ತದೆ. ಆದ್ದರಿಂದ ಸಿ ಮಾಪಕಕ್ಕೆ, 14,20,000ವನ್ನು 100 ಕಳೆ ರಾಕ್‌ವೆಲ್‌ನ ವರ್ಗದಿಂದ ಭಾಗಿಸಬೇಕು. ಸಿ 30ಕ್ಕೆ ಹಾಕಿ ನೋಡಿ, 290 ಬರುತ್ತದೆ. ಇಂದಿನ ಪಟ್ಟಿಯಲ್ಲಿರುವುದು 286. ಪರವಾಗಿಲ್ಲವಲ್ಲ!

ಆದರೆ 40 ದಾಟುತ್ತಿದ್ದಂತೆ ಈ ಅಂದ ಕೆಡುತ್ತದೆ. ಗಡಸು ಉಕ್ಕಿನಲ್ಲಿ ಶಂಕು ಇಳಿಯುವುದೇ ಸ್ವಲ್ಪ, ಅದರ ಮೊನೆಯೋ ಚೂಪಲ್ಲ, 0.2 ಮಿಲಿಮೀಟರ್ ತ್ರಿಜ್ಯದಲ್ಲಿ ಗುಂಡಗೆ ಮಾಡಿದ್ದು. ಇಳಿದದ್ದು ಕಡಿಮೆಯಾದಷ್ಟೂ ಅದು ಶಂಕುವಿನಂತೆ ವರ್ತಿಸುವುದು ಬಿಟ್ಟು ಗುಂಡಿನಂತೆ ವರ್ತಿಸುತ್ತದೆ. ಅತ್ತ ಬ್ರಿನೆಲ್ ಗುಂಡು ಚಪ್ಪಟೆಯಾಗತೊಡಗುತ್ತದೆ. ಹಾಗಾಗಿ 40ರ ಮೇಲೆ ಬೇರೆ ಸೂತ್ರ: 25,000ವನ್ನು 100 ಕಳೆ ರಾಕ್‌ವೆಲ್‌ನಿಂದ ಭಾಗಿಸುವುದು, ವರ್ಗ ಇಲ್ಲ. ಕೈಪಿಡಿಗಳಲ್ಲಿ ಇಂದಿಗೂ ಅಚ್ಚಾಗುವ ಈ ಎರಡು ಸರಳ ಸೂತ್ರಗಳನ್ನು ಅವು ಸೇರುವ ಜಾಗದಲ್ಲೇ ಪರೀಕ್ಷಿಸಿ: 40ಕ್ಕೆ ಒಂದು 394 ಎನ್ನುತ್ತದೆ, ಇನ್ನೊಂದು 417. ಇಂದಿನ ಪಟ್ಟಿ 371 ಎನ್ನುತ್ತದೆ. ತಿದ್ದುಪಡಿ ಸೇರಿಸಿದ ಉದ್ದನೆಯ ರೂಪಗಳಲ್ಲಿ ಈ ಕಂದಕ ಮುಚ್ಚುತ್ತದೆ ನಿಜ. ಆದರೂ ಸೂತ್ರದಲ್ಲಿ ಶೇ 10ರವರೆಗೆ ತಪ್ಪು ಬರಬಹುದು ಎಂಬ ಎಚ್ಚರಿಕೆ ಇದ್ದೇ ಇತ್ತು. ಎಚ್ಚರಿಕೆಯನ್ನು ಓದದೆ ಸೂತ್ರವನ್ನಷ್ಟೇ ನಕಲು ಮಾಡಿಕೊಂಡವರೇ ಹೆಚ್ಚು.

ಚುಕ್ಕೆಗಳು ಏಕೆ ಹಿಂಡಾಗಿ ಹರಡುತ್ತವೆ? ಇದಕ್ಕೆ ಮನಮುಟ್ಟುವ ಉತ್ತರ ಕೊಟ್ಟವನು ಡೇವಿಡ್ ಟೇಬರ್. ಕೇಂಬ್ರಿಜ್‌ನಲ್ಲಿ ಕೆಲಸ ಮಾಡುತ್ತಿದ್ದ ಅವನು ಲೋಹಗಳ ಗಡಸುತನದ ಬಗ್ಗೆ 1951ರಲ್ಲಿ ಹೊರತಂದ ಪುಸ್ತಕ ಚಿಕ್ಕದು, ಆದರೆ ಆ ಕ್ಷೇತ್ರದಲ್ಲಿ ಇಂದಿಗೂ ಅದನ್ನು ಮೀರಿಸಿದ್ದು ಕಡಿಮೆ. ಗುಳಿಯೊಳಗಿನ ಸರಾಸರಿ ಒತ್ತಡ, ಲೋಹ ಶಾಶ್ವತವಾಗಿ ಮಣಿಯತೊಡಗುವ ಬಲದ ಸುಮಾರು ಮೂರು ಪಟ್ಟು ಎಂದು ಅವನು ತೋರಿಸಿದ. ಅಂದರೆ ಗಡಸುತನ ಎಂಬ ಬೇರೆಯೇ ಒಂದು ಗುಣ ಇಲ್ಲ. ಲೋಹ ಎಷ್ಟು ಬಲಕ್ಕೆ ಮಣಿಯುತ್ತದೆ ಎಂಬುದೇ ಗುಳಿಯಲ್ಲಿ ಕಾಣುವುದು. ಆದರೆ ಒಂದು ಸಿಕ್ಕು ಇದೆ. ಒತ್ತುವಾಗಲೇ ಲೋಹ ಬಿಗಿಯುತ್ತದೆ. ತಾಮ್ರದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದವರಿಗೆ ಗೊತ್ತು, ಬಗ್ಗಿಸುತ್ತಾ ಹೋದಂತೆ ಅದು ಬಗ್ಗಲು ಒಲ್ಲೆ ಎನ್ನುತ್ತದೆ. ವಿಕರ್ಸ್ ಪಿರಮಿಡ್ ಒತ್ತಿದಾಗ ಲೋಹ ಸುಮಾರು ಶೇ 8ರಷ್ಟು ವಿರೂಪಗೊಂಡು ಬಿಗಿದಂತೆ. ಬ್ರಿನೆಲ್‌ನಲ್ಲಿ ಗುಳಿ ಅಗಲವಾದಷ್ಟೂ ಈ ಪ್ರಮಾಣ ಏರುತ್ತದೆ. ರಾಕ್‌ವೆಲ್ ಶಂಕುವಿನಲ್ಲಿ ಮತ್ತೊಂದು. ಪ್ರತಿ ಯಂತ್ರವೂ ಲೋಹವನ್ನು ಬೇರೆ ಬೇರೆ ಮಟ್ಟಕ್ಕೆ ಬಿಗಿಸಿ, ಆಮೇಲೆ ಅಳೆಯುತ್ತದೆ. ಎಲ್ಲ ಲೋಹಗಳೂ ಒಂದೇ ರೀತಿ ಬಿಗಿಯುತ್ತಿದ್ದರೆ ಒಂದೇ ಪಟ್ಟಿ ಸಾಕಿತ್ತು. ಅವು ಹಾಗೆ ಬಿಗಿಯುವುದಿಲ್ಲ. ಹದಗೊಳಿಸಿದ ಇಂಗಾಲದ ಉಕ್ಕು ಒತ್ತಿದಾಗ ಅಷ್ಟಾಗಿ ಬಿಗಿಯದು; ಅಡುಗೆಮನೆ ಸಿಂಕಿಗೆ ಬಳಸುವ ಆಸ್ಟೆನೈಟ್ ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಒತ್ತಿದಷ್ಟೂ ಸೆಟೆದು ನಿಲ್ಲುತ್ತದೆ. ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಉತ್ತರ ತಪ್ಪಲೇಬೇಕು.

ಈ ತಿಳಿವಳಿಕೆ ಬರುವ ಮೊದಲೇ ಸಮಿತಿಗಳು ಅನುಭವದಿಂದ ಅದೇ ತೀರ್ಮಾನಕ್ಕೆ ಬಂದಿದ್ದವು. ಅಮೆರಿಕದ ಪರೀಕ್ಷಾ ಮಾನಕಗಳ ಸಂಘ ಎಎಸ್‌ಟಿಎಂ, ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ, ಲೋಹತಜ್ಞರ ಸಂಘಗಳು ಸೇರಿ ಕೂಡಿಹಾಕಿದ ಅಂಕಿಗಳು ಮುಂದೆ ಎಎಸ್‌ಟಿಎಂನ ಇ140 ಮಾನಕವಾದವು. ಜರ್ಮನಿಯವರು ಡಿಐಎನ್ 50150 ಎಂಬ ತಮ್ಮದೇ ಪಟ್ಟಿ ಮಾಡಿಕೊಂಡರು; ಅದರ ಜಾಗಕ್ಕೆ 2003ರಲ್ಲಿ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 18265 ಬಂತು. ಇ140ಯನ್ನು ಬಿಡಿಸಿ ನೋಡಿದರೆ ಇದು ಒಂದು ಪಟ್ಟಿಯಲ್ಲ, ಪಟ್ಟಿಗಳ ಕಟ್ಟು: ಸಾಮಾನ್ಯ ಉಕ್ಕಿಗೆ ಒಂದು, ಆಸ್ಟೆನೈಟ್ ಸ್ಟೇನ್‌ಲೆಸ್‌ಗೆ ಬೇರೆ, ನಿಕ್ಕಲ್‌ಗೆ ಬೇರೆ, ತಾಮ್ರಕ್ಕೆ ಬೇರೆ, ನೂರಕ್ಕೆ 70 ತಾಮ್ರ 30 ಸತು ಇರುವ ಕಾಡತೂಸಿನ ಹಿತ್ತಾಳೆಗೆ ಬೇರೆ, ಅಲ್ಯೂಮಿನಿಯಂಗೆ ಬೇರೆ. ಹಳೆಯ ಮುದ್ರಣಗಳಲ್ಲಿ ಬ್ರಿನೆಲ್ ಒಂದಕ್ಕೇ ಮೂರು ಕಂಬಸಾಲುಗಳಿದ್ದವು: ಮಾಮೂಲಿ ಉಕ್ಕಿನ ಗುಂಡು, ಹುಲ್ಟ್‌ಗ್ರೆನ್ ಎಂಬ ಸ್ವೀಡನ್ನಿನವನ ಹೆಸರಿನ ಇನ್ನೂ ಗಡಸಾದ ಗುಂಡು, ಟಂಗ್‌ಸ್ಟನ್ ಕಾರ್ಬೈಡ್ ಗುಂಡು. ಕಾರ್ಬೈಡ್ ಬಂದ ಮೇಲೆ ಬ್ರಿನೆಲ್ 650ರವರೆಗೆ ಹೋಗಬಹುದಾಯಿತು. ಅದೇ ಗುಂಡು ಈಗ ಕಡ್ಡಾಯ, ಅದಕ್ಕೇ ಇಂದು ಬ್ರಿನೆಲ್ ಗುರುತು ಎಚ್‌ಬಿ ಅಲ್ಲ, ಎಚ್‌ಬಿಡಬ್ಲ್ಯು.

ಉಕ್ಕಿನ ಪಟ್ಟಿಯ ಸಾಲುಗಳನ್ನು ಸಾವಕಾಶವಾಗಿ ಓದಿದರೆ ರಾಕ್‌ವೆಲ್ ಅಂಕಿಯ ಸ್ವಭಾವ ಬಯಲಾಗುತ್ತದೆ. ಸಿ 20ಕ್ಕೆ ವಿಕರ್ಸ್ 238, 30ಕ್ಕೆ 302; ಹತ್ತು ಅಂಕ ಏರಿದಾಗ ವಿಕರ್ಸ್ ಏರಿದ್ದು 64. ಸಿ 50ಕ್ಕೆ 513, 60ಕ್ಕೆ 697. ಅದೇ ಹತ್ತು ಅಂಕಕ್ಕೆ 184. ಡೈ ಮಾಡುವವನು 'ಎರಡು ಅಂಕ ಕಡಿಮೆ ಬಂದರೆ ಏನು ಮಹಾ' ಎನ್ನುವಾಗ, ಎಲ್ಲಿಂದ ಎರಡು ಕಡಿಮೆ ಎಂದು ಮರುಪ್ರಶ್ನೆ ಹಾಕಬೇಕು. 20ರ ಕೆಳಗೆ ಸಿ ಮಾಪಕದ ಪಟ್ಟಿ ನಿಂತೇಹೋಗುತ್ತದೆ. ಅಲ್ಲಿ ಶಂಕು ಹೆಚ್ಚು ಆಳಕ್ಕೆ ಇಳಿಯುವುದರಿಂದ ಓದು ನೆಚ್ಚುವಂಥದ್ದಲ್ಲ, ಬಿ ಮಾಪಕಕ್ಕೆ ಹೋಗಬೇಕು.

ಇನ್ನೂ ಒಂದು ವಿಚಿತ್ರ ಇದೆ. ಪರಿವರ್ತನೆ ಪಟ್ಟಿಯಲ್ಲಿ ಎಡಗಡೆಯ ಅಂಕಿಯಾದರೂ ಗಟ್ಟಿ ಎಂದು ನಾವು ನಂಬಿರುತ್ತೇವೆ. ಮೀಟರಿಗೆ, ಕಿಲೋಗ್ರಾಮಿಗೆ ಇದ್ದ ಹಾಗೆ ರಾಕ್‌ವೆಲ್‌ಗೆ ದಶಕಗಳ ಕಾಲ ಅಮೆರಿಕದಲ್ಲಿ ಸರ್ಕಾರದ ಆಧಾರ ಅಳತೆ ಇರಲೇ ಇಲ್ಲ. ಯಂತ್ರ ಮಾರುವ ಕಂಪನಿ ತಾನು ಕಾಪಿಟ್ಟುಕೊಂಡ ಉಕ್ಕಿನ ಬಿಲ್ಲೆಗಳ ಜೊತೆ ಹೋಲಿಸಿ ಹೊಸ ಬಿಲ್ಲೆ ಮಾರುತ್ತಿತ್ತು. ಅದರ ಜೊತೆ ಹೋಲಿಸಿ ಕಾರ್ಖಾನೆಗಳು ತಮ್ಮ ಯಂತ್ರವನ್ನು ತಾಳೆ ನೋಡುತ್ತಿದ್ದವು. 1990ರ ದಶಕದಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ, ಅಂದರೆ ಪೆಟ್ರೆಂಕೊ ಕೆಲಸ ಮಾಡಿದ ಬ್ಯೂರೋದ ಇಂದಿನ ಅವತಾರ, ನೇರ ತೂಕದ ಬೊಟ್ಟುಗಳಿಂದ ಭಾರ ಹಾಕುವ, ಆಳವನ್ನು ಲೇಸರಿನಿಂದ ಓದುವ ಯಂತ್ರ ಇಟ್ಟುಕೊಂಡು ಮೊದಲಿಂದ ಅಳೆಯಿತು. ಅಮೆರಿಕದ ಕಾರ್ಖಾನೆಗಳ ಸಿ ಮಾಪಕ ಇತರ ದೇಶಗಳ ಮಾಪಕದಿಂದ ಒಂದು ಅಂಕದ ಆಸುಪಾಸು ಜಾರಿ ಹೋಗಿತ್ತು. ಒಂದೇ ಹೆಸರಿನ ಎರಡು ಅಳತೆಗಳ ನಡುವೆಯೇ ಪರಿವರ್ತನೆ ಬೇಕಾಗಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಈ ಆಧಾರ ಅಳತೆಗಳನ್ನು ನೋಡಿಕೊಳ್ಳುತ್ತದೆ. ಬ್ರಿನೆಲ್, ವಿಕರ್ಸ್, ರಾಕ್‌ವೆಲ್ ಪರೀಕ್ಷೆಗಳಿಗೆ ಕ್ರಮವಾಗಿ ಐಎಸ್ 1500, 1501, 1586 ಎಂಬ ಭಾರತೀಯ ಮಾನಕಗಳಿವೆ.

ಇಷ್ಟೆಲ್ಲ ಆದರೂ ಪಟ್ಟಿ ಬೇಕೇ ಬೇಕು. ಕಾರ್ಖಾನೆಯಲ್ಲಿ ಇರುವುದು ಒಂದು ಯಂತ್ರ, ನಕ್ಷೆ ಕೇಳುವುದು ಇನ್ನೊಂದು ಅಂಕಿ. ಹಾಗಾಗಿ ಇ140 ನಿಷೇಧಕ್ಕೆ ಹೋಗದೆ ಒಂದು ಬರವಣಿಗೆಯ ಕಟ್ಟಳೆ ಮಾಡಿತು: ಪರಿವರ್ತಿಸಿದ ಅಂಕಿಯನ್ನು ಬರೆಯುವಾಗ ನಿಜವಾಗಿ ಅಳೆದ ಅಂಕಿಯನ್ನೂ ಪಕ್ಕದಲ್ಲಿ ಆವರಣದಲ್ಲಿ ಬರೆಯತಕ್ಕದ್ದು. 38 ಎಚ್‌ಆರ್‌ಸಿ (353 ಎಚ್‌ಬಿಡಬ್ಲ್ಯು) ಎಂದಿದ್ದರೆ, ಉಕ್ಕಿನ ಮೇಲೆ ಇಳಿದದ್ದು ಗುಂಡು, ವಜ್ರವಲ್ಲ ಎಂದು ಓದಿದವನಿಗೆ ತಿಳಿಯಬೇಕು. ಗಿರಣಿಯ ಸರ್ಟಿಫಿಕೇಟಿನಲ್ಲಿ ಇರುವ ಆ ಆವರಣ ಡೀಲರನ ಬಿಲ್ಲಿಗೆ ಬರುವಾಗ ಬಿಟ್ಟುಹೋಗುವುದೂ, ಮಾಲು ತಿರಸ್ಕಾರವಾದ ಮೇಲೆ ಯಾರ ಅಂಕಿ ಸರಿ ಎಂದು ಎರಡು ಕಡೆಯವರು ಪತ್ರ ಬರೆದುಕೊಳ್ಳುವುದೂ ಈಗಲೂ ನಡೆಯುವಂಥದ್ದೇ. ಆಗ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕರಾರಿನಲ್ಲಿ ಯಾವ ಮಾಪಕದ ಹೆಸರಿದೆಯೋ ಆ ಯಂತ್ರದಡಿ ತುಂಡನ್ನು ಮತ್ತೆ ಇಟ್ಟು ಒತ್ತಿ ನೋಡಬೇಕಾಗುತ್ತದೆ.